ಜಾವ ಮುಗೀತು

ರವಿಕಿರಣ ತಿಂಡಿ ಗಾಡಿಯ ಮುಂದೆ ಬಂದು ಎಂದಿನಂತೆ ಕೈ ಚಾಚಿದ. ಗದಿಗೆಮ್ಮ ಆ ಕೈಗೆ ಗಿಲಾಸಿನ ಬದಲು ಇಡ್ಲಿ ತಟ್ಟೆ ಇಟ್ಟಳು.

"ಜಾವ ಎಲ್ಲೈತ್ರಿ ಅವ್ವಾ?"

"ಬಂದ್ ಮಾಡೀನ್ರಿ ಸರ."

ತೆಲುಗು ಸೀಮೆಯ ಮಣಿಕೊಂಡದಲ್ಲಿ, ಕಂಪ್ಯೂಟರ್ ಆಫೀಸುಗಳ ಎದುರು, ಗದಿಗೆಮ್ಮನ ರಾಗಿ ಅಂಬಲಿಗೆ ಒಳ್ಳೆಯ ಹೆಸರು. ಯಾದಗಿರಿ ಕಡೆಯ ಹೆಂಗಸು. ಆದರೆ ಇಲ್ಲಿ ಅಂಬಲಿ ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ತೆಲುಗರಿಗೆ ಅದು ಜಾವ. ಹಾಗಾಗಿ ಅವಳೂ ದಿನಾ ಬೆಳಗಿನ ಜಾವಕ್ಕೆದ್ದು ಜಾವ ಕಾಯಿಸುತ್ತಿದ್ದಳು. ಇಂಥ ವ್ಯಾಪಾರವನ್ನು ಬುದ್ಧಿ ಇದ್ದವರು ಯಾರಾದರೂ ನಿಲ್ಲಿಸುತ್ತಾರೆಯೇ? ಮಗಳು ಕೇಳಿದರೂ ಕಾರಣ ಹೇಳಿರಲಿಲ್ಲ.

"ಯಾಕ ಬಂದ್ ಮಾಡಿದ್ರಿ?" ಬೀದರಿನ ರವಿಕಿರಣ ಬಿಡಲಿಲ್ಲ. ಅವನು ನಿತ್ಯದ ಗಿರಾಕಿ.

"ನೀವ ಅಂದ್ರಲ್ಲರಿ ನಿನ್ನೆ. ಇಲ್ಲೇ ನಿಂತು, ಗಿಲಾಸ ಖಾಲಿ ಮಾಡಿ, ಫೋನಿನ್ಯಾಗ ನಿಮ್ಮ ತಮ್ಮಗ ಹೇಳಿದ್ರಿ. ಜಾವ ಮುಗೀತು, ಇನ್ನ ಮುಂದ ಯಾರೂ ಕೇಳಂಗಿಲ್ಲ ಅಂತ." ಗದಿಗೆಮ್ಮ ಇಡ್ಲಿ ಪಾತ್ರೆಯ ಮುಚ್ಚಳ ಮುಚ್ಚಿದಳು. "ರುಚಿ ಕೆಟ್ಟಿದ್ರ ನನಗ ಹೇಳಬೇಕಿತ್ತಿಲ್ರಿ."

ರವಿಕಿರಣನಿಗೆ ಬಾಯೊಳಗಿನ ಇಡ್ಲಿ ನೆತ್ತಿಗೆ ಹತ್ತಿತು. ಕೆಮ್ಮಿ, ನಕ್ಕು, ನೀರು ಕುಡಿದ.

"ಅದು ನಿಮ್ಮ ಜಾವ ಅಲ್ಲವ್ವ. ಕಂಪ್ಯೂಟರಿಗೆ ಕೆಲಸ ಹೇಳೂ ಭಾಷಾ. ಅದರ ಹೆಸರೂ ಜಾವಾ. ತಮ್ಮ ಅದನ್ನ ಕಲೀತೀನಂದ. ಬ್ಯಾಡ, ಈಗೆಲ್ಲಾ ಪೈಥಾನ್ ನಡದೈತಿ, ಅದನ್ನ ಕಲಿ ಅಂದೆ."

ಗದಿಗೆಮ್ಮನ ಎದೆ ಹಗುರಾಯಿತು. ಆದರೆ ಪಕ್ಕದಲ್ಲಿ ಚಟ್ನಿ ಬಡಿಸುತ್ತಿದ್ದ ಮಗಳು ವಿಜಯಶ್ರೀಯ ಸೌಟು ನಿಂತಿತು. ಡಿಗ್ರಿ ಮುಗಿಸಿದ ಹುಡುಗಿ. ಅಮೀರ್‌ಪೇಟೆಯಲ್ಲಿ ಜಾವಾ ಕೋಚಿಂಗಿಗೆ ಇವತ್ತೇ ಸೇರಬೇಕಿತ್ತು. 'ಕಂಪ್ಯೂಟರ್ ಕ್ಲಾಸು' ಎಂದಷ್ಟೇ ಅವ್ವನಿಗೆ ಹೇಳಿದ್ದಳು. ತಪ್ಪಾದದ್ದು ಆರಿಸಿಕೊಂಡರೆ ಇನ್ನೊಂದು ಸಲ ಓದಿಸುವುದು ಅವ್ವನ ಕೈಲಿ ಆಗದು. ವಿಜಯಶ್ರೀಗೆ ಹೆದರಿಕೆಯಾಯಿತು.

"ಸರ, ನಾ ಜಾವಾನ ಕಲೀಬೇಕಂತ ಮಾಡಿದ್ದೆ. ಖರೇನ ಮುಗೀತೇನ್ರಿ ಅದು?"

"ಎಲ್ಲಾರೂ ಹಂಗ ಅನ್ನಾಕತ್ತಾರವ್ವ."

"ಮತ್ತ ನೀವು ಆಫೀಸಿನ್ಯಾಗ ಯಾವುದ್ರಾಗ ಕೆಲಸ ಮಾಡ್ತೀರಿ?"

ರವಿಕಿರಣ ತಟ್ಟೆಯಲ್ಲಿದ್ದ ಇಡ್ಲಿಯನ್ನು ಸಣ್ಣದಾಗಿ ಮುರಿದ, ಇನ್ನಷ್ಟು ಸಣ್ಣದಾಗಿ ಮುರಿದ.

"ಜಾವಾದಾಗ," ಎಂದ. "ಮೊದಲಿಂದ್ಲೂ ಅದರಾಗ."

ವಿಜಯಶ್ರೀ ಅವ್ವನ ಕಡೆ ನೋಡಿದಳು. ಕಂಪ್ಯೂಟರಿನ ತಲೆ ಯಾವುದು, ಬಾಲ ಯಾವುದು ಎಂದು ಗದಿಗೆಮ್ಮನಿಗೆ ತಿಳಿಯದು. ಅವಳು ಗಾಡಿಯ ಕೆಳಗೆ ಬೋರಲು ಹಾಕಿದ್ದ ಅಂಬಲಿ ಗಡಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು.

"ನಾ ಇವರ ಬಾಯಿಮಾತು ಕೇಳಿ ಇವತ್ತಿನ ಯಾಪಾರ ಕೆಡಿಸ್ಕೊಂಡೆ," ಎಂದಳು. "ನೀ ಬಾಯಿಮಾತು ಕೇಳಬ್ಯಾಡವ್ವ, ಖಾಲಿ ಆದ ಗಿಲಾಸ ನೋಡು."