ಎರಡು ವರ್ಷದ ಸಿಗಡಿ

“ಅದಿರಲಿ, ಇದು ಎಷ್ಟು ವರ್ಷ ಬದುಕುತ್ತೆ?” ವಿಂಕೊ ಕೇಳಿದ್ದು ಇದು ಮೂರನೇ ಸಲ.

ಸಾಕುಮೀನಿನ ಅಂಗಡಿಯ ನೆವೆಂಕಳಿಗೆ ಸಾಕಾಗಿತ್ತು. ಗಾಜಿನ ತೊಟ್ಟಿಯ ಪಾಚಿ ತಿನ್ನುವ ಜೀವ ಕೊಳ್ಳಲು ಬಂದವರು ಎಷ್ಟು ತಿನ್ನುತ್ತೆ, ಗಿಡ ಕಡಿಯುತ್ತಾ, ಬೇರೆ ಮೀನಿನ ತಂಟೆಗೆ ಹೋಗುತ್ತಾ ಎಂದೆಲ್ಲ ಕೇಳುತ್ತಾರೆ. ಎಂಬತ್ತಾರರ ಈ ಮುದುಕನಿಗೆ ಬೇಕಾದದ್ದು ಅದರ ಆಯಸ್ಸೊಂದೇ.

“ಸಕ್ಕರ್ ಮೀನು ಹತ್ತು ಹನ್ನೆರಡು ವರ್ಷ ಆರಾಮಾಗಿ ಇರುತ್ತೆ, ವಿಂಕೊ ಯಜಮಾನ್ರೇ. ನಿಮ್ಮ ಹಳೇದು ಇರಲಿಲ್ವಾ?”

“ಬೇಡಮ್ಮ. ಅಷ್ಟು ದಿನ ಅದನ್ನ ನೋಡ್ಕೊಳ್ಳೋರು ಯಾರು?”

ಹಿಂದೆ ಚೀಲ ಹಿಡಿದು ನಿಂತಿದ್ದ ಯಾಗೊದಳ ಜೀವ ಝಲ್ಲೆಂದಿತು. ದುಃಖಕ್ಕಲ್ಲ, ಸಂತೋಷಕ್ಕೆ. ಮುಚ್ಚಿಟ್ಟು ಏನು ಪ್ರಯೋಜನ?

ಎಂಟು ವರ್ಷದಿಂದ ಅವಳು ಆ ಮನೆಯಲ್ಲಿ ದುಡಿಯುತ್ತಿದ್ದಳು. ರಿಯೆಕಾ ಬಂದರಿನ ಮೇಲಿನ ಗುಡ್ಡದಲ್ಲಿ, ನೂರಾಹತ್ತು ಮೆಟ್ಟಿಲ ತುದಿಗೆ ಆ ಮನೆ. ಅಡುಗೆ, ಬಟ್ಟೆ, ಮುದುಕನ ಸ್ನಾನ, ಉಗುರು ಕತ್ತರಿಸುವುದು, ಎಲ್ಲ ಅವಳದೇ. ಸಂಬಳವಿಲ್ಲ. ನೋಟರಿಯ ಮುಂದೆ ಆದ ಒಪ್ಪಂದ ಒಂದಿತ್ತು. ಆ ಊರಲ್ಲಿ ಇಂಥದ್ದು ಬೇಕಾದಷ್ಟು. ಮಾಲೀಕ ಸಾಯುವ ತನಕ ನೋಡಿಕೊಂಡರೆ ಮನೆ ನೋಡಿಕೊಂಡವರಿಗೆ. ನೋಡಿಕೊಳ್ಳುವವರೇ ಮೊದಲು ಸತ್ತರೆ ಒಪ್ಪಂದ ಅಲ್ಲಿಗೆ ಖಲಾಸ್, ಮನೆ ಮಾಲೀಕನದೇ. ಅವಳಿಗೆ ಆಗ ಐವತ್ತು. ಆ ಎರಡನೇ ಸಾಲನ್ನು ನೋಟರಿಯೂ ಗಡಿಬಿಡಿಯಲ್ಲೇ ಓದಿ ಮುಗಿಸಿದ್ದ. ಗಂಡನಿಲ್ಲ, ಮಕ್ಕಳಿಲ್ಲ, ಹುಟ್ಟಿದಾಗಿನಿಂದ ಬಾಡಿಗೆ ಕೋಣೆ. ಸಮುದ್ರ ಕಾಣುವ ಅಡುಗೆಮನೆ ಕಿಟಕಿಗೆ ಯಾವ ಬಣ್ಣದ ಪರದೆ ಹಾಕಬೇಕೆಂದು ಅವಳು ಮೊದಲ ವರ್ಷವೇ ತೀರ್ಮಾನಿಸಿಬಿಟ್ಟಿದ್ದಳು.

ಆದರೆ ಮುದುಕ ಸಾಯಬೇಕಲ್ಲ! ಎಂಥ ಆಸಾಮಿ ಅಂತೀರಿ. ನಲವತ್ತು ವರ್ಷ ಔಷಧಿ ಅಂಗಡಿಯಲ್ಲಿ ತೂಗಿ ತೂಗಿ, ಮಾತನ್ನೂ ತೂಗಿಯೇ ಕೊಡುವವನು. ಮನೆಯ ಅಂಚೆಪೆಟ್ಟಿಗೆಯ ಕೀಲಿ ಅವನ ಕೊರಳಲ್ಲೇ. ಪಿಂಚಣಿಯ ಚೀಟಿ ಬೇರೆಯವರ ಕಣ್ಣಿಗೆ ಬೀಳಬಾರದಂತೆ. ಮೀನಿನ ತೊಟ್ಟಿಯ ಕೆಳಗಿನ ಕಪಾಟಿಗೆ ಅವಳು ಕೈ ಹಾಕುವಂತಿಲ್ಲ. ಹುರುಳಿಕಾಯಿ ಸೂಪಿಗೆ ಉಪ್ಪು ಒಂದು ಚೂರು ಹೆಚ್ಚಾದರೂ ತಟ್ಟೆ ತಳ್ಳುತ್ತಿದ್ದ.

ಈ ಬೇಸಿಗೆಯಿಂದ ಮಾತ್ರ ಮೆತ್ತಗಾಗಿದ್ದ. ಬೈಗುಳ ನಿಂತಿತ್ತು. “ಕೂತ್ಕೋ ಯಾಗೊದಾ, ದಣಿದಿದ್ದೀಯ,” ಎನ್ನುತ್ತಿದ್ದ. ಹೋಗುವ ಕಾಲ ಬಂತು ಅಂತ ಕಾಣುತ್ತೆ, ಅದಕ್ಕೇ ದೇವರ ಭಯ ಹುಟ್ಟಿದೆ ಎಂದುಕೊಂಡಿದ್ದಳು ಯಾಗೊದ.

ಹಳೆಯ ಸಕ್ಕರ್ ಮೀನು ಸತ್ತ ಮೇಲೆ ಗಾಜಿನ ಪಾಚಿ ಉಜ್ಜುವ ಕೆಲಸವೂ ಅವಳ ತಲೆಗೇ ಬಂದಿತ್ತು. ಎಡಗೈಯವಳು, ಉಜ್ಜಿ ಉಜ್ಜಿ ಎಡಗಡೆ ಕಂಕುಳಲ್ಲಿ ನೋವು ಕೂತುಬಿಟ್ಟಿತ್ತು. ಡಾಕ್ಟರಿಗೆ ತೋರಿಸುತ್ತೇನೆಂದರೆ ಮುದುಕ ನಕ್ಕಿದ್ದ. “ಇಷ್ಟಕ್ಕೆಲ್ಲ ಡಾಕ್ಟರಾ? ನಾನೇನು ಸತ್ತಿದ್ದೀನಾ?” ತನ್ನ ಡಬ್ಬಿಯಿಂದಲೇ ಮಾತ್ರೆ ಎಣಿಸಿ ಕೊಟ್ಟಿದ್ದ. ಅವಳಿಗೂ ಚಿಂತೆಯಿರಲಿಲ್ಲ. ಏಪ್ರಿಲಿನಲ್ಲಿ ಆರೋಗ್ಯ ಕೇಂದ್ರದ ಉಚಿತ ತಪಾಸಣೆಗೆ ಹೋಗಿಬಂದಿದ್ದಳು; ಏನಾದರೂ ಇದ್ದಿದ್ದರೆ ಅವರೇ ತಿಳಿಸುತ್ತಿದ್ದರು. ಉಜ್ಜುವುದು ತಪ್ಪಿದರೆ ನೋವೂ ಹೋಗುತ್ತದೆಂದು ಪಾಚಿ ತಿನ್ನುವ ಜೀವಕ್ಕಾಗಿ ಪೀಡಿಸಿ ಅವನನ್ನು ಅಂಗಡಿಗೆ ಎಳೆದು ತಂದವಳು ಅವಳೇ.

“ಬಸವನಹುಳು ಕೊಡ್ಲಾ?” ನೆವೆಂಕ ಕೇಳಿದಳು.

“ಗಾಜಿನ ತುಂಬ ಬಿಳಿ ಮೊಟ್ಟೆ ಅಂಟಿಸುತ್ತೆ. ಅದನ್ನ ಕೆರೆಯೋರು ಯಾರು? ಬೇಡ.”

“ಹಾಗಾದ್ರೆ ಈ ಸಿಗಡಿ ತಗೊಳ್ಳಿ. ಕೂದಲಿನಂಥ ಪಾಚಿನೂ ಬಿಡಲ್ಲ. ಆದ್ರೆ ಆಯಸ್ಸು ಎರಡೇ ವರ್ಷ. ಸಿಹಿನೀರಲ್ಲಿ ಇದರ ಮರಿ ಉಳಿಯಲ್ಲ, ಇದು ಹೋದ್ರೆ ಅಲ್ಲಿಗೆ ಮುಗೀತು.”

“ಎರಡು ವರ್ಷ ಧಾರಾಳ ಆಯ್ತು. ಆಮೇಲೆ ಉಜ್ಜೋ ಕೈಯೇ ಇಲ್ದಿದ್ರೆ ತೊಟ್ಟಿ ಇಟ್ಕೊಂಡು ಏನು ಮಾಡೋದು?”

“ಥೂ, ಬಿಡ್ತು ಅನ್ನಿ! ನೂರು ವರ್ಷ ಬಾಳ್ತೀರಿ ನೀವು.”

“ಬಾಳ್ತೀನಮ್ಮ, ನಾನು ಬಾಳ್ತೀನಿ,” ಎಂದ ಮುದುಕ. ಮೂವರೂ ನಕ್ಕರು. ಯಾಗೊದ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮೆಟ್ಟಿಲು ಹತ್ತುವಾಗ ಅವಳಿಗೇ ಏದುಸಿರು ಬಂತು. ಸ್ಕರ್ಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಪಿನ್ನು ಹಾಕಿಕೊಂಡಿದ್ದಳು. ಆದರೂ ಮನಸ್ಸು ಹಗುರಾಗಿತ್ತು. ಎರಡು ವರ್ಷ! ಔಷಧಿಯವನು, ಅವನ ಲೆಕ್ಕ ತಪ್ಪುವುದಿಲ್ಲ. ಮರುಗಳಿಗೆಯೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮಧ್ಯಾಹ್ನ ಅವನಿಗೆ ಇಷ್ಟವಾದ ಬೂತಾಯಿ ಮೀನು ಹುರಿದಳು. ಮುದುಕ ಬೆರಳು ಚೀಪಿ ಉಂಡು ಮಲಗಲು ಹೋದ.

ಸಿಗಡಿಗಳಿದ್ದ ಚೀಲವನ್ನು ಅಷ್ಟರಲ್ಲಿ ತೊಟ್ಟಿಯಲ್ಲಿ ತೇಲಿಬಿಟ್ಟಿದ್ದಳು, ಎರಡೂ ನೀರಿನ ಬಿಸಿ ಒಂದಾಗಲೆಂದು. ಈಗ ಅವನ್ನು ಬಲೆಯಲ್ಲಿ ಎತ್ತಿ ಬಿಡಬೇಕು. ಬಲೆ ಕೆಳಗಿನ ಕಪಾಟಿನಲ್ಲಿ. ಎಬ್ಬಿಸುವುದೇಕೆಂದು ತಾನೇ ಬಾಗಿಲು ತೆಗೆದಳು.

ಬಲೆಯ ಅಡಿಯಲ್ಲಿ ನಾಲ್ಕು ಮಡಿಕೆಯ ಕಾಗದವಿತ್ತು. ಹೊರಗೇ ಆರೋಗ್ಯ ಕೇಂದ್ರದ ಮೊಹರು, ಮೇ ತಿಂಗಳ ತಾರೀಖು. ಈಗ ಅಕ್ಟೋಬರ್.

ಓಹೋ, ಇದಾ ವಿಷಯ! ಪಾಪ, ಐದು ತಿಂಗಳಿಂದ ಒಬ್ಬನೇ ನುಂಗಿಕೊಂಡಿದ್ದಾನೆ. ಅವಳ ಕಣ್ಣು ತುಂಬಿತು, ನಿಜವಾಗಿಯೂ ತುಂಬಿತು. ಆದರೆ ಕೈ ಸುಮ್ಮನಿರಲಿಲ್ಲ. ಎಷ್ಟು ದಿನ ಅಂತ ಬರೆದಿದ್ದಾರೋ ನೋಡಬೇಕಿತ್ತು.

“ಯಾಗೊದಾ,” ಒಳಗಿನಿಂದ ದನಿ ಬಂತು, “ಸಿಗಡಿ ಬಿಟ್ಯಾ?”

“ಬಿಡ್ತಾ ಇದ್ದೀನಿ, ನೀವು ಮಲಗಿ,” ಎಂದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಕಾಗದ ಬಿಚ್ಚಿದಳು.

“ಶ್ರೀಮತಿ ಯಾಗೊದ ಬರಚ್ ಅವರಿಗೆ: ನಿಮ್ಮ ಎಡ ಸ್ತನದಲ್ಲಿ ಗಂಟು ಕಂಡುಬಂದಿದೆ, ಒಂದು ದಿನವೂ ತಡಮಾಡದೆ ಬನ್ನಿ.”