ತಮ್ಮ ಊದಿದ ಶಂಖ

ಸಂಜೆ ಪ್ರಾರ್ಥನೆಗೆ ಕರೆಯುವ ಶಂಖ ಹತ್ತು ಎಣಿಸುವಷ್ಟರಲ್ಲೇ ನಿಂತುಹೋಯಿತು. ಚಾಪೆಯ ಮೇಲೆ ಕೂತಿದ್ದ ಫಲನಿಕೊನ ಹೊಟ್ಟೆ ತಣ್ಣಗಾಯಿತು. ಸಮೋವಾ ದ್ವೀಪದ ಆ ಊರನ್ನು ಇಪ್ಪತ್ತು ವರ್ಷ ಕರೆದದ್ದು ಅವನ ಉಸಿರು. ಕೋವಿಡ್ ಅವನ ಶ್ವಾಸಕೋಶದಲ್ಲಿ ಗಾಯದ ಕಲೆ ಉಳಿಸಿಹೋದ ಮೇಲೆ ಶಂಖ ತಮ್ಮ ಮಲಾಕಿಯ ಕೈಸೇರಿತ್ತು. ಮೊದಲ ದಿನ ಮಲಾಕಿ ಮೂವತ್ತು ಎಣಿಸುವ ತನಕ ಊದಿದಾಗ, ಫಲನಿಕೊ ಹೊಟ್ಟೆ ಉರಿದು ಊಟ ಬಿಟ್ಟಿದ್ದ.

ಮಲಾಕಿ ಒಳಗೆ ಬಂದ. "ಹಂದಿ ಥರ ತಿಂತೀಯ, ಇಷ್ಟೇನೇನೋ ನಿನ್ ದಮ್ಮು?" ಎಂದು ಕೆಣಕಿದ ಫಲನಿಕೊಗೆ ಅಷ್ಟಕ್ಕೇ ಕೆಮ್ಮು ಒತ್ತರಿಸಿತು.

ಮಲಾಕಿ ಅವನ ಬೆನ್ನು ನೀವಿದ. "ವಾರವಾರ ಊದೋದ್ನ ಚೂರುಚೂರೇ ಕಮ್ಮಿ ಮಾಡ್ಕೊಂಡ್ ಬಂದೆ ಅಣ್ಣಾ, ಊರೋರ ಕಿವಿಗೆ ಅಭ್ಯಾಸ ಆಗ್ಲಿ ಅಂತ. ಆಸ್ಪತ್ರೇಲಿ ಉಸಿರಿನ ಪರೀಕ್ಷೆ ಮಾಡ್ದಾಗ ಈಗ ಹತ್ತರ ತನಕ ಊದ್ತೀಯಂತಲ್ಲ? ಹಿಡಿ, ನಾಳೆಯಿಂದ ನೀನೇ ಊದು. ಯಾರ್ಗೂ ಗೊತ್ತಾಗಲ್ಲ."