ಹಲಸಿನ ಸಿಳ್ಳೆ

ಅರಣ್ಯ ಬಂಗಲೆಯಲ್ಲಿ ಸಂಜೆ ದೀಪಕ್ಕೆ ಮುತ್ತಿದ ಪತಂಗಗಳಲ್ಲೊಂದು ಅತಿಥಿಯ ಚಹಾದೊಳಗೆ ಬಿತ್ತು. ಕಾಡಿನ ಫೋಟೊ ತೆಗೆಯಲು ಬಂದವನು ಅದನ್ನು ಬೆರಳಿನಿಂದೆತ್ತಿ ಎಸೆದ.

"ಇದು ಸತ್ರೆ ಯಾರೂ ಅಳಲ್ಲ. ನಿಮ್ಮ ಸಿಂಗಳೀಕಕ್ಕೆ ಮಾತ್ರ ಯಾಕೆ ಇಷ್ಟೊಂದು ಕಾವಲು?"

ಚಹಾ ತಂದಿಟ್ಟ ಕಾಡಿನ ಕಾವಲುಗಾರನಿಗೆ ಮೈಯುರಿಯಿತು. "ಎಂಥ ಹೋಲಿಕೆ ಮಾರಾಯ್ರೇ! ಇದು ಬುದ್ಧಿಯಿಲ್ಲದ ಹುಳ, ಬೆಳಕು ಕಂಡಲ್ಲಿ ಬಂದು ಬೀಳ್ತದೆ. ಎಷ್ಟು ಸತ್ರೂ ನಾಳೆ ಮತ್ತೆ ಅಷ್ಟೇ ಬರ್ತದೆ. ಸಿಂಗಳೀಕ ಈ ಕಾಡಲ್ಲಿ ಉಳಿದಿರೋದೇ ಒಂದು ಹಿಂಡು. ಮನುಷ್ಯರ ನೆರಳು ಕಂಡ್ರೆ ಮರದ ತುದಿ ಸೇರ್ತದೆ. ನಾನು ಸಿಳ್ಳೆ ಹಾಕಿದ್ರೆ ಮಾತ್ರ ಹಲಸಿನ ತೊಳೆಗೆ ಇಡೀ ಹಿಂಡು ಕೆಳಗಿಳಿದು ಬರ್ತದೆ. ನಾನು ತಲೆ ಎಣಿಸೋದೇ ಹಾಗೆ."

"ಹೌದಾ? ಹೇಗೆ ಆ ಸಿಳ್ಳೆ?"

ಅವನು ಹೆಮ್ಮೆಯಿಂದ ಬಾಯಿಗೆ ಬೆರಳಿಟ್ಟು ಊದಿ ತೋರಿಸಿದ. ಅತಿಥಿಯೂ ಊದಿದ, ತಪ್ಪಿತು. "ಕೊನೇಲಿ ಸ್ವಲ್ಪ ಎಳೀಬೇಕು" ಎಂದು ಇವನೇ ತಿದ್ದಿದ.

ಬೆಳಿಗ್ಗೆ ಚಹಾ ಹಿಡಿದು ಹೋದರೆ ಅತಿಥಿಯ ಕೋಣೆ ಖಾಲಿಯಾಗಿತ್ತು. ಕ್ಯಾಮೆರಾ ಮಂಚದ ಮೇಲೇ ಇತ್ತು. ಮೂಲೆಯಲ್ಲಿ ಒರಗಿಸಿಟ್ಟಿದ್ದ ಉದ್ದನೆಯ ಚೀಲ ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಕಾಡಿನೊಳಗಿಂದ ಕಾವಲುಗಾರನದೇ ಸಿಳ್ಳೆ ಕೇಳಿಸಿತು, ಕೊನೆಯಲ್ಲಿ ಸ್ವಲ್ಪ ಎಳೆದು. ಮರದ ತುದಿಗಳು ಒಂದರ ಹಿಂದೊಂದು ಅಲುಗುತ್ತ ಅತ್ತಲೇ ಸಾಗಿದವು.